ಮುಂಡಿಗೆ ಕಾಣೋ ಫೋಟೋ ಇದೆಯಾ?

ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ವರ್ಷವಿಡೀ ಪಾಸ್‌ಪೋರ್ಟ್ ಸೈಜ್ ಫೋಟೋ, ಸೀಸನ್‌ನಲ್ಲಿ ಮದುವೆ. ಹೋದ ಬೇಸಿಗೆಯಲ್ಲಿ ತೀರ್ಥಹಳ್ಳಿ ಕಡೆಯ ಯಜಮಾನರೊಬ್ಬರು ಬಂದು ಕೂತರು. 2017ರಲ್ಲಿ ಅವರ ಮಗಳ ಮದುವೆಗೆ ಫೋಟೋ ತೆಗೆದವನು ನಾನೇ. ಮನೆ ಅಂಗಳದಲ್ಲೇ ಚಪ್ಪರ ಹಾಕಿ ಮಾಡಿದ ಮದುವೆ ಅದು.

"ಆಲ್ಬಂ ಚೆನ್ನಾಗೇ ಇದೆ ಮಾರಾಯ, ಅದಕ್ಕಲ್ಲ ಬಂದಿದ್ದು. ಹಳೆ ಮನೆ ಜಗುಲಿ ಮುಂಡಿಗೆ ಕಾಣೋ ಫೋಟೋ ಒಂದು ಬೇಕಿತ್ತು," ಅಂದರು.

ಮುಂಡಿಗೆ ಅಂದರೆ ಜಗುಲಿಯ ಮರದ ಕಂಬ. ವಿಷಯ ಇಷ್ಟು. ಆ ಮನೆ ಈಗ ಇಲ್ಲ. ಕೆಡವಿ ತಾರಸಿ ಮನೆ ಕಟ್ಟಿದ್ದಾರೆ. ಹಲಸಿನ ಮರದ ಕೆತ್ತನೆ ಮುಂಡಿಗೆಗಳನ್ನು ಹಳೆ ಸಾಮಾನು ಕೊಳ್ಳುವವರು ಬಂದು ಸಾಗಿಸಿದ್ದಾರೆ. ಕೊಟ್ಟಾದ ಮೇಲೆ ಯಜಮಾನರಿಗೆ ನಿದ್ದೆ ಬಂದಿಲ್ಲ. ಹೊಸ ಮನೆಯ ಜಗುಲಿಗಾದರೂ ಅಂಥದ್ದೇ ನಾಲ್ಕು ಮಾಡಿಸೋಣ ಅಂತ ಆಚಾರಿಯನ್ನು ಕರೆಸಿದರೆ, ಆತ ಕೇಳಿದ್ದು ಒಂದೇ ಮಾತು: ನೋಡಿ ಕೆತ್ತಲಿಕ್ಕೆ ಏನಾದರೂ ಕೊಡಿ.

ಆಲ್ಬಂ ತೆಗೆದು ನೋಡಿದೆ. ನಾಚಿಕೆಯಾಯಿತು. ಆಗ ನನಗೆ ಹಿನ್ನೆಲೆ ಮಸುಕು ಮಾಡುವ ಹುಚ್ಚು. ಮದುಮಕ್ಕಳ ಹಿಂದೆ ಏನೇ ಇದ್ದರೂ ಅದು ಬೆಣ್ಣೆ ಥರ ಕರಗಿ ಹೋಗಬೇಕು. ಲೆನ್ಸ್‌ನಲ್ಲಿ ಆಗದಿದ್ದರೆ ಫೋಟೋಶಾಪ್‌ನಲ್ಲಿ. ಇನ್ನುಳಿದ ಫೋಟೋಗಳನ್ನು ಎದೆವರೆಗೆ ಕ್ರಾಪ್ ಮಾಡಿದ್ದೆ. 300ಕ್ಕೂ ಜಾಸ್ತಿ ಫೋಟೋದಲ್ಲಿ ಒಂದು ಮುಂಡಿಗೆಯೂ ಬುಡದಿಂದ ತುದಿವರೆಗೆ ಕಾಣಲಿಲ್ಲ. ಜೊತೆಗೆ ಎಲ್ಲರ ಮುಖಕ್ಕೂ ಸುಣ್ಣ ಬಳಿದ ಹಾಗೆ ಬಿಳಿ. ಅದು ಬೇರೆ ಸಂಗತಿ ಬಿಡಿ.

ಒರಿಜಿನಲ್ ಇದ್ದಿದ್ದರೆ ಐದು ನಿಮಿಷದ ಕೆಲಸ. ಕ್ರಾಪ್ ತೆಗೆದರೆ ಪೂರ್ತಿ ಜಗುಲಿ ಬರುತ್ತಿತ್ತು. ಆದರೆ 2019ರಲ್ಲಿ, ಸೀಸನ್‌ಗೆ ಮೊದಲು ಡಿಸ್ಕ್ ತುಂಬಿತ್ತು ಅಂತ ಹಳೆಯ ರಾ ಫೈಲ್ ಎಲ್ಲ ಅಳಿಸಿಹಾಕಿದ್ದೆ. ರಾ ಫೈಲ್ ಅಂದರೆ ಕ್ಯಾಮೆರಾ ಹಿಡಿದದ್ದನ್ನು ಹಾಗೇ ಇಟ್ಟ ಮೂಲ ಫೈಲ್. ನಮ್ಮ ಹುಡುಗ ಕೇಳಿಯೂ ಇದ್ದ, "ಬೇಕಾಗಲ್ವಾ ಅಣ್ಣ?" ಅಂತ. "ಆಲ್ಬಂ ಕೊಟ್ಟಾಗಿದೆ, ಲೈಟ್‌ರೂಮ್‌ನಲ್ಲೂ ಇದೆಯಲ್ಲ" ಅಂದವನು ನಾನು.

ಇಲ್ಲೇ ನಾನು ಎಡವಿದ್ದು. ನನ್ನ ಹಾಗೆ ತಿಳಿದವರು ಇನ್ನೂ ಇದ್ದಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಲೈಟ್‌ರೂಮ್ ಅಂದರೆ ಫೋಟೋ ತಿದ್ದುವ ಸಾಫ್ಟ್‌ವೇರ್. ನಾನು ಬಳಸುವ ಲೈಟ್‌ರೂಮ್ ಕ್ಲಾಸಿಕ್ ನಿಮ್ಮ ಫೋಟೋವನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ. ಫೋಟೋ ಎಲ್ಲಿದೆ, ಅದಕ್ಕೆ ನೀವು ಏನೇನು ಮಾಡಿದಿರಿ ಅನ್ನುವ ಲೆಕ್ಕ ಮಾತ್ರ ಕ್ಯಾಟಲಾಗ್‌ನಲ್ಲಿ ಇರುತ್ತದೆ. ಬೆಳಕು ಇಷ್ಟು ಏರಿಸು, ಇಲ್ಲಿ ಕತ್ತರಿಸು, ಈ ಬಣ್ಣ ಇಳಿಸು, ಹೀಗೆ. ರಾ ಫೈಲನ್ನು ಅದು ಮುಟ್ಟುವುದೇ ಇಲ್ಲ. ಅಡುಗೆ ಬರೆದಿಟ್ಟ ಚೀಟಿ ಇದ್ದ ಹಾಗೆ. ಚೀಟಿ ಇಟ್ಟುಕೊಂಡು ಅಕ್ಕಿ ಬೇಳೆ ಬಿಸಾಡಿದರೆ ಊಟ ಎಲ್ಲಿಂದ ಬರಬೇಕು? ಚಿಕ್ಕ ಚಿತ್ರ ಕಾಣುತ್ತಲೇ ಇರುತ್ತದೆ, ಪಕ್ಕದಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ. ದೊಡ್ಡದಾಗಿ ತೆಗೆಯಲು ಹೋದಾಗ ಗೊತ್ತಾಗುತ್ತದೆ.

"ಅಂದ್ರೆ ಹಸಿ ಅಡಿಕೆ ಬಿಸಾಡಿ ಬೇಯಿಸಿದ್ದು ಇಟ್ಕೊಂಡೆ ಅಂತಾಯ್ತು. ನಾವೂ ಮಾಡದು ಹಂಗೇ," ಅಂತ ನಕ್ಕರು ಯಜಮಾನರು. ಅವರು ನಕ್ಕಿದ್ದರಿಂದ ನನಗೆ ಇನ್ನೂ ಕಷ್ಟವಾಯಿತು. ಹೋಲಿಕೆ ಮುಕ್ಕಾಲು ಸರಿ. ಬೇಯಿಸಿ ಚೊಗರಿನ ಬಣ್ಣ ಹಿಡಿದ ಅಡಿಕೆ ಮತ್ತೆ ಹಸಿಯಾಗದು. ರಾ ಫೈಲಿನಿಂದ ಕುಗ್ಗಿಸಿ ಮಾಡುವ ಮಾಮೂಲಿ ಫೋಟೋ ಫೈಲ್, ಅಂದರೆ ಜೆಪೆಗ್, ಕೂಡ ಹಾಗೇ. ನನ್ನ ಕ್ಯಾಮೆರಾದ ರಾ ಫೈಲ್ 14 ಬಿಟ್, ಅಂದರೆ ಒಂದೊಂದು ಬಣ್ಣಕ್ಕೂ ಕಪ್ಪಿನಿಂದ ಬಿಳಿವರೆಗೆ 16,384 ಮೆಟ್ಟಿಲು. ಜೆಪೆಗ್‌ಗೆ ಇಳಿಸಿದಾಗ ಅದು 256. ಮೇಲಾಗಿ ಜೆಪೆಗ್ ತೆರೆದು ತಿದ್ದಿ ಮತ್ತೆ ಸೇವ್ ಮಾಡಿದಷ್ಟು ಸಲವೂ ಒಂದಿಷ್ಟು ಸವೆಯುತ್ತದೆ. ಹೋಲಿಕೆಯ ಉಳಿದ ಕಾಲು ಭಾಗ ಮಾತ್ರ ತಪ್ಪು. ಹಸಿ ಅಡಿಕೆ ಇಟ್ಟರೆ ಕೊಳೆಯುತ್ತದೆ. ಫೈಲ್ ಕೊಳೆಯುವುದಿಲ್ಲ.

ಡಿಸ್ಕ್ ಕೊಳೆಯುತ್ತದೆ ಅನ್ನಿ. ನಮ್ಮ ಮಳೆಗಾಲದಲ್ಲಿ ಲೆನ್ಸ್ ಒಳಗೇ ಬೂಷ್ಟು ಹಿಡಿಯುತ್ತದೆ. ಗುಡುಗು ಸಿಡಿಲು, ಹೋಗಿ ಬರುವ ಕರೆಂಟು ಬೇರೆ. ಈಗ ನಾನು ಎರಡು ಹಾರ್ಡ್ ಡಿಸ್ಕ್‌ನಲ್ಲಿ ಒಂದೊಂದು ಪ್ರತಿ ಇಡುತ್ತೇನೆ. ಒಂದು ಸ್ಟುಡಿಯೋದಲ್ಲಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯೊಳಗೆ. ಇನ್ನೊಂದು ಭದ್ರಾವತಿಯ ಅಕ್ಕನ ಮನೆ ಬೀರುವಿನಲ್ಲಿ, ಸೀರೆಗಳ ನಡುವೆ. ಅಕ್ಕ ಬೈಯುತ್ತಾಳೆ, ಪರವಾಗಿಲ್ಲ.

ಎಲ್ಲವನ್ನೂ ಇಡಬೇಕಾ ಅಂದರೆ ಬೇಡ. ಎರಡು ದಿನದ ಮದುವೆಗೆ ಸುಮಾರು 3,000 ಕ್ಲಿಕ್. ಒಂದು ರಾ ಫೈಲ್ 25ರಿಂದ 30 ಎಂಬಿ. ಅಲ್ಲಿಗೆ 75ರಿಂದ 90 ಜಿಬಿ ಆಗುತ್ತದೆ. ಕಣ್ಣು ಮುಚ್ಚಿದ್ದು, ಅಲುಗಾಡಿದ್ದು, ಒಂದೇ ನಗೆಯ ಹತ್ತು ಫೋಟೋದಲ್ಲಿ ಎಂಟು, ಇಷ್ಟು ಧೈರ್ಯವಾಗಿ ತೆಗೆಯಬಹುದು. ಅರ್ಧಕ್ಕರ್ಧ ಇಳಿಯುತ್ತದೆ. ಇಳಿಸದೇ ಹಾಗೇ ಇಟ್ಟರೂ 2 ಟಿಬಿ ಡಿಸ್ಕ್‌ಗೆ 20ಕ್ಕಿಂತ ಜಾಸ್ತಿ ಮದುವೆ ಹಿಡಿಯುತ್ತದೆ. ಹಾಗಾಗಿ ಜಾಗ ಇಲ್ಲ ಅನ್ನುವ ನೆಪ ನನ್ನ ಮಟ್ಟಿಗೆ ಸುಳ್ಳಾಗಿತ್ತು. ಸೋಮಾರಿತನ ಅಷ್ಟೇ. ಗಿರಾಕಿಗೆ ಎಷ್ಟು ವರ್ಷ ಇಡುತ್ತೇವೆ ಅಂತ ಬಿಲ್‌ನಲ್ಲೇ ಬರೆದು ಕೊಡುತ್ತೇನೆ ಈಗ. ಅವಧಿ ಮುಗಿದ ಮೇಲೆ ಅಳಿಸುವ ಮುಂಚೆ ಒಂದು ಫೋನ್.

ಮಂಡಗದ್ದೆಯಲ್ಲಿ ಬೆಳ್ಳಕ್ಕಿ ಫೋಟೋ ತೆಗೆಯುವ ಗೆಳೆಯನೊಬ್ಬನಿಗೆ ಈ ಪಾಠ ಯಾರೂ ಹೇಳಬೇಕಿರಲಿಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಫೋಟೋ ಸ್ಪರ್ಧೆಯಲ್ಲಿ ಕೊನೆ ಸುತ್ತಿಗೆ ಬಂದವರು ಒರಿಜಿನಲ್ ಫೈಲ್ ತೋರಿಸಬೇಕು. ತಿದ್ದಿದ್ದು ಎಷ್ಟು ಅಂತ ಹೋಲಿಸಿ ನೋಡುತ್ತಾರೆ. ಮದುವೆ ಫೋಟೋದವನನ್ನು ಯಾರು ಕೇಳುತ್ತಾರೆ ಅಂತ ನಾನಂದುಕೊಂಡಿದ್ದೆ.

ಯಜಮಾನರನ್ನು ಬರಿಗೈಲಿ ಕಳಿಸಲು ಮನಸ್ಸಾಗದೆ ಹಳೆ ಮೆಮರಿ ಕಾರ್ಡ್‌ಗಳ ಡಬ್ಬಿ ಸುರಿದೆ. ಮೂರು ದಿನ ಒಂದೊಂದೇ ಹಾಕಿ ನೋಡಿದೆ. ಒಂದು 16 ಜಿಬಿ ಕಾರ್ಡ್‌ನಲ್ಲಿ ಆ ಮದುವೆಯ 11 ರಾ ಫೈಲ್ ಸಿಕ್ಕವು. ಬೆಳಗ್ಗೆ ಬೆಳಕು ನೋಡಲು ಸುಮ್ನೆ ಒತ್ತಿದ್ದು. ಆಮೇಲೆ ಬೇರೆ ಕಾರ್ಡ್ ಹಾಕಿ ಇದನ್ನು ಮರೆತಿದ್ದೆ. ಹತ್ತರಲ್ಲಿ ನೆಲ, ಚಪ್ಪರದ ಸೋಗೆ, ನಮ್ಮ ಹುಡುಗನ ಬೆನ್ನು. ಹನ್ನೊಂದನೆಯದು ಖಾಲಿ ಜಗುಲಿ. ಒಬ್ಬ ಮನುಷ್ಯನೂ ಇಲ್ಲ. ನಾಲ್ಕೂ ಮುಂಡಿಗೆ ನೆಟ್ಟಗೆ ನಿಂತಿವೆ. ಕತ್ತಲು ಕತ್ತಲಾಗಿತ್ತು, ಬೆಳಕನ್ನು ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು, ಏರಿಸಿದೆ. ಮುಂಡಿಗೆಯ ತಲೆಯ ಹೂವಿನ ಎಸಳು ಎಣಿಸುವಷ್ಟು ಬಂತು. ಅಳಿಸುವ ಸರದಿಯಲ್ಲಿ ಮೊದಲು ಹೋಗಬೇಕಾಗಿದ್ದ ಫೋಟೋ.

ದೊಡ್ಡ ಪ್ರಿಂಟ್ ಹಾಕಿಸಿ ನಾನೇ ಒಯ್ದು ಕೊಟ್ಟೆ. ಆಚಾರಿ ಅದನ್ನು ಕಟ್ಟೆ ಮೇಲೆ ಹರಡಿ, ಗೇಣು ಹಾಕಿ ಅಳೆದು, ಮೂರನೇ ಮುಂಡಿಗೆಯ ಮೇಲೆ ಬೆರಳಿಟ್ಟ. "ಇದೆಂತ, ತೂತಾ, ನೆರಳಾ?"

ಯಜಮಾನರು ಕನ್ನಡಕ ಏರಿಸಿ ನೋಡಿದರು. "ಮೊಳೆ ಕಣಾ ಅದು. ಅಪ್ಪಯ್ಯ ಕೊಡೆ ನೇತಾಕ್ತಿದ್ದದು. ಅದನ್ನೂ ಹೊಡಿ."