ಸರ್ನ್‌ನಲ್ಲಿ ಸಿಗದ ಕಣದ ಬೆನ್ನು ಹತ್ತಿ

ಜಿನೀವಾದ ಕಾರ್ನವಾ ರೈಲು ನಿಲ್ದಾಣದ ಮುಂದೆ 18ನೇ ನಂಬರಿನ ಟ್ರಾಮ್ ಹತ್ತಿದೆ. ಅದರ ಕೊನೆಯ ಸ್ಟಾಪೇ ಸರ್ನ್, ಅಂದರೆ ಯುರೋಪಿನ ಕಣ ಭೌತಶಾಸ್ತ್ರದ ದೊಡ್ಡ ಪ್ರಯೋಗಾಲಯ. ಇಳಿದ ತಕ್ಷಣ ಮರದ ದೊಡ್ಡ ಗೋಳ ಕಣ್ಣಿಗೆ ಬೀಳುತ್ತದೆ, 27 ಮೀಟರ್ ಎತ್ತರ. ಆಚೆಗೆ ಹೊಲಗಳು, ಫ್ರಾನ್ಸಿನ ಗಡಿ, ಜೂರಾ ಬೆಟ್ಟಗಳ ಸಾಲು.

ಆದರೆ ಬಂದಿದ್ದು ನೆಲದ ಕೆಳಗಿರುವುದಕ್ಕಾಗಿ. ಸುಮಾರು 100 ಮೀಟರ್ ಆಳದಲ್ಲಿ 27 ಕಿಲೋಮೀಟರ್ ಸುತ್ತಳತೆಯ ಸುರಂಗವಿದೆ. ಅದರೊಳಗೆ ಪ್ರೋಟಾನುಗಳ ಎರಡು ಕಿರಣಗಳು ಎದುರುಬದುರಾಗಿ ಓಡುತ್ತವೆ. ಅವನ್ನು ಬಾಗಿಸುವ ಅಯಸ್ಕಾಂತಗಳನ್ನು ಮೈನಸ್ 271 ಡಿಗ್ರಿಯಲ್ಲಿ ಇಟ್ಟಿರುತ್ತಾರೆ. ಯಂತ್ರ ಓಡುತ್ತಿರುವಾಗ ವಿಕಿರಣ ಇರುವುದರಿಂದ ಯಾರನ್ನೂ ಕೆಳಗೆ ಬಿಡುವುದಿಲ್ಲ. ನಾವು ಹೋದಾಗಲೂ ಹಾಗೇ ಇತ್ತು.

ಈ ಸುರಂಗದಲ್ಲಿ ನಡೆಯುವ ಪ್ರಯೋಗಗಳಲ್ಲೊಂದಾದ ಅಟ್ಲಾಸ್‌ನ ಕಂಟ್ರೋಲ್ ರೂಮನ್ನು ಗಾಜಿನಾಚೆಯಿಂದ ನೋಡಿದೆವು. ನಮ್ಮ ಕಾಲ ಕೆಳಗೇ 46 ಮೀಟರ್ ಉದ್ದದ, 7000 ಟನ್ ತೂಕದ ಡಿಟೆಕ್ಟರ್, ಅಂದರೆ ಡಿಕ್ಕಿಯಿಂದ ಚಿಮ್ಮುವ ಕಣಗಳನ್ನು ಗುರುತಿಸುವ ಉಪಕರಣ! ಅಲ್ಲಿ ಸೆಕೆಂಡಿಗೆ 4 ಕೋಟಿ ಸಲ ಪ್ರೋಟಾನುಗಳ ಗುಂಪುಗಳು ಎದುರಾಗುತ್ತವೆ. ಆಗ ಆಗುವ ಡಿಕ್ಕಿಗಳ ದಾಖಲೆಯಲ್ಲಿ ಬಹುಪಾಲನ್ನು ಅಲ್ಲೇ ಬಿಟ್ಟು, ಕುತೂಹಲ ಹುಟ್ಟಿಸುವ ಕೆಲವನ್ನಷ್ಟೇ ಉಳಿಸಿಕೊಳ್ಳುತ್ತಾರೆ.

ಡಿಟೆಕ್ಟರಿಗೇ ಕಾಣದ ಕಣವನ್ನು ಹುಡುಕುವುದು ಹೇಗೆ? ಗೈಡ್ ಹೇಳಿದ ಉತ್ತರ ನನಗೆ ತುಂಬಾ ಹಿಡಿಸಿತು. ಡಿಕ್ಕಿಗೆ ಮುಂಚೆ ಕಿರಣಕ್ಕೆ ಅಡ್ಡ ದಿಕ್ಕಿನಲ್ಲಿ ಚಲನೆ ಹೆಚ್ಚೂಕಡಿಮೆ ಇರುವುದಿಲ್ಲ. ಹಾಗಾಗಿ ಡಿಕ್ಕಿಯಾದ ಮೇಲೂ ಆ ಅಡ್ಡ ದಿಕ್ಕಿನಲ್ಲಿ ಎಲ್ಲ ಕಡೆಯ ಚಿಮ್ಮುವಿಕೆಯನ್ನು ದಿಕ್ಕು ಸಮೇತ ಕೂಡಿದರೆ ಸೊನ್ನೆ ಬರಬೇಕು. ಬರಲಿಲ್ಲ ಅಂದರೆ ಏನೋ ಒಂದು ಸುಳಿವು ಕೊಡದೆ ಹೊರಗೆ ಹೋಗಿದೆ. ಬಹಳ ಸಲ ಅದು ನ್ಯೂಟ್ರಿನೋ, ಯಾವುದಕ್ಕೂ ತಾಗದಂತೆ ನುಸುಳಿಹೋಗುವ ಪುಟ್ಟ ಕಣ. ನ್ಯೂಟ್ರಿನೋ ಪಾಲನ್ನು ಕಳೆದ ಮೇಲೂ ಲೆಕ್ಕ ತಪ್ಪಿದರೆ, ಅದು ಡಾರ್ಕ್ ಮ್ಯಾಟರ್, ಅಂದರೆ ವಿಶ್ವದಲ್ಲಿ ಇದೆಯೆಂದು ನಂಬಲಾದ ಕಾಣದ ದ್ರವ್ಯದ ಕಣವೂ ಆಗಿರಬಹುದು. ಇಂದಿಗೂ ಹಾಗೊಂದು ಸಿಕ್ಕಿಲ್ಲ.

ಮೂಲಕಣಗಳಿಗೆ ದ್ರವ್ಯರಾಶಿ ಬರುವುದನ್ನು ವಿವರಿಸುವ ಸಿದ್ಧಾಂತದ ಹಿಗ್ಸ್ ಕಣ ಸಿಕ್ಕಿದ್ದನ್ನು 2012ರ ಜುಲೈ 4ರಂದು ಇಲ್ಲೇ ಸಾರಿದರು. ಅದು ಎಲ್ಲರಿಗೂ ಗೊತ್ತು. ನನ್ನ ಮನಸ್ಸು ನಿಂತಿದ್ದು 2015ರ ಡಿಸೆಂಬರಿನ ಮೇಲೆ. ಅಟ್ಲಾಸ್ ಮತ್ತು ಇದೇ ಸುರಂಗದ ಇನ್ನೊಂದು ಪ್ರಯೋಗವಾದ ಸಿಎಮ್‌ಎಸ್ ಎರಡರಲ್ಲೂ 750 ಜಿಇವಿ (ಕಣದ ದ್ರವ್ಯರಾಶಿಯನ್ನೂ ಅಳೆಯುವ ಶಕ್ತಿಯ ಮಾನ) ಹತ್ತಿರ ಗ್ರಾಫಿನಲ್ಲಿ ಸಣ್ಣದೊಂದು ಉಬ್ಬು ಕಂಡಿತ್ತು. ಹೊಸ ಕಣ ಇರಬಹುದೇ ಅಂತ ಜಗತ್ತಿನಾದ್ಯಂತ ನೂರಾರು ಪ್ರಬಂಧಗಳು ಬಂದವು. ಜಾಸ್ತಿ ಡೇಟಾ ಸೇರಿದ ಮೇಲೆ, 2016ರ ಆಗಸ್ಟಿನಲ್ಲಿ, ಉಬ್ಬು ಇಲ್ಲ ಎಂದು ಎರಡೂ ತಂಡಗಳು ಹೇಳಿದವು. ಅಷ್ಟೊಂದು ಆಸೆ ಇಟ್ಟುಕೊಂಡ ಮೇಲೂ ಹಾಗೆ ನೇರವಾಗಿ ಹೇಳುವುದು ಸುಲಭವಲ್ಲ, ಅಲ್ವಾ? ಆ ಜನರ ಮೇಲೆ ನನಗೆ ಗೌರವ ಹುಟ್ಟಿದ್ದು ಹಿಗ್ಸ್‌ಗಿಂತ ಇದರಿಂದಲೇ.

ಹೋಗುವವರಿಗೆ ಒಂದು ಮಾತು: ಸರ್ನ್‌ನ ಸಂದರ್ಶಕರ ಕೇಂದ್ರವಾದ ಸೈನ್ಸ್ ಗೇಟ್‌ವೇ ಸೋಮವಾರ ಮುಚ್ಚಿರುತ್ತದೆ. ಪ್ರವೇಶ ಉಚಿತ. 2004ರಲ್ಲಿ ಭಾರತ ಕೊಟ್ಟ ನಟರಾಜನ ವಿಗ್ರಹವೂ ಸರ್ನ್ ಆವರಣದಲ್ಲಿದೆ.