ನಾಳೆ ಮತ್ತೆ ಮಲಾವಿಗೆ

ರಜೆ ಮುಗಿಯಿತು. ಕೊಪ್ಪಳದ ಮನೆಯಲ್ಲಿ ಅವ್ವ ಬೆಳಗಿನಿಂದ ಒಲೆ ಬಿಟ್ಟು ಎದ್ದಿಲ್ಲ. ನನಗಾಗಿ ಕಡಕ್ ರೊಟ್ಟಿ ಸುಡುತ್ತಿದ್ದಾಳೆ.

ಆಫ್ರಿಕಾದ ಮಲಾವಿ ದೇಶದ ಹಳ್ಳಿ ಶಾಲೆಯೊಂದರಲ್ಲಿ ನಾನು ಗಣಿತ ಕಲಿಸುವ ಸ್ವಯಂಸೇವಕಿ. ಕಳೆದ ಜನವರಿಯಲ್ಲಿ ಇಲ್ಲಿ ಗವಿಮಠದ ತೇರು ಎಳೆಯುವ ಸಂಜೆ ನಾನು ಅಲ್ಲಿ ಮಲೇರಿಯಾ ಜ್ವರದಿಂದ ನಡುಗುತ್ತಾ ಮಲಗಿದ್ದೆ. ಅಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಇನ್ನೂ ಮಧ್ಯಾಹ್ನ. ತಗಡಿನ ಮೇಲೆ ಮಳೆಯ ಅಬ್ಬರ. ಮೊಬೈಲಿನಲ್ಲಿ ನನ್ನ ತಮ್ಮ ತೇರು ತೋರಿಸುತ್ತಿದ್ದ. ಜನ ಉತ್ತತ್ತಿ ಎಸೆಯುತ್ತಿರುವಾಗಲೇ ನೆಟ್‌ವರ್ಕ್ ಹೋಯಿತು. ಮಗುವಿನಂತೆ ಅತ್ತೆ. ಯಾಕಾದರೂ ಬಂದೆನೋ ಎನಿಸಿದ್ದು ಸುಳ್ಳಲ್ಲ.

ರಾತ್ರಿ ಪಕ್ಕದ ಮನೆಯಾಕೆ ಒಂದು ಬಟ್ಟಲು ನ್ಸಿಮಾ ತಂದಳು. ಮೆಕ್ಕೆಜೋಳದ ಹಿಟ್ಟಿನದು, ಬೆಳ್ಳಗೆ, ನಮ್ಮ ಸಂಕಟಿಯಂತೆಯೇ ಹಬೆಯಾಡುತ್ತಿತ್ತು. ಚೊಂಬಿನಿಂದ ನೀರು ಸುರಿದು ನನ್ನ ಕೈ ತೊಳೆಸಿ, ಉಣ್ಣುವವರೆಗೂ ಕದಲದೆ ಕುಳಿತಳು. ಚಿಕ್ಕಂದಿನಿಂದ ಜಾತ್ರೆಯ ದಾಸೋಹದಲ್ಲಿ ಬಡಿಸಿದವಳು ನಾನು. ಪಂಕ್ತಿಯಲ್ಲಿ ಕುಳಿತವರ ಹಸಿವು ಎಂಥದ್ದೆಂದು ಅಂದು ತಿಳಿಯಿತು. ‘ಜಿಕೊಮೊ’ ಎಂದೆ. ಅವರ ಚಿಚೆವಾ ಭಾಷೆಯಲ್ಲಿ ಅದು ಕೃತಜ್ಞತೆಯ ಮಾತು. ನನಗಾಗ ಬಂದದ್ದು ಅದೊಂದೇ.

ವಾರ ಕಳೆದು ಶಾಲೆಗೆ ಹೋದಾಗ, ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ತಾನಾಗಿ ಎದ್ದು ಬಂದು ಕಪ್ಪುಹಲಗೆಯ ಮೇಲೆ ಭಿನ್ನರಾಶಿ ಬಿಡಿಸಿದಳು. ಅವಳ ಬೆರಳಿನ ಸುಣ್ಣದ ಪುಡಿ ಇನ್ನೂ ಕಣ್ಣಿಗೆ ಕಟ್ಟಿದೆ.

“ಆ ಪಕ್ಕದ ಮನೆಯಾಕೆಗೂ ನಾಲ್ಕು ರೊಟ್ಟಿ ಕೊಡವ್ವಾ,” ಎನ್ನುತ್ತಿದ್ದಾಳೆ ಅವ್ವ. ಶೇಂಗಾ ಚಟ್ನಿಪುಡಿಯ ಡಬ್ಬಿಗೆ ಜಾಗ ಸಾಲದೆ ಎರಡು ಸೀರೆ ಹೊರಗೆ ತೆಗೆದಿದ್ದೇನೆ.