ಕಸದ ಬುಟ್ಟಿ ಸೇರಿದ್ದ ಬಲಮುರಿ ಅಲೆಗಳು

ಸೌರಮಾರುತದ, ಅಂದರೆ ಸೂರ್ಯನಿಂದ ಎಡೆಬಿಡದೆ ಹೊರಹರಿಯುವ ವಿದ್ಯುದಾವೇಶದ ಕಣಗಳ, ದತ್ತಾಂಶ ಸೋಸುವುದು ನನ್ನ ಕೆಲಸ. ಪಾರ್ಕರ್ ಸೋಲಾರ್ ಪ್ರೋಬ್ ನೌಕೆ 2018ರ ನವೆಂಬರ್‌ನಲ್ಲಿ ಮೊದಲ ಸಲ ಸೂರ್ಯನಿಗೆ ಸುಮಾರು 2.5 ಕೋಟಿ ಕಿ.ಮೀ. ಹತ್ತಿರ ಹಾದುಹೋದಾಗ ಅಳೆದ ಕಾಂತಕ್ಷೇತ್ರದಲ್ಲಿ ಅಯಾನ್ ಸೈಕ್ಲೋಟ್ರಾನ್ ಅಲೆಗಳನ್ನು (ಕಾಂತರೇಖೆ ಸುತ್ತುವ ಪ್ರೋಟಾನಿನಂಥ ಕಣಗಳ ಲಯಕ್ಕೆ ಹೊಂದಿ ತಿರುಗುವ ಅಲೆಗಳನ್ನು) ಹೆಕ್ಕಿ ಕೊಡಬೇಕಿತ್ತು.

ಸೂರ್ಯನಿಂದ ದೂರ ಸಾಗುತ್ತ ಹಿಗ್ಗುವ ಮಾರುತ ಬೇಗ ತಣ್ಣಗಾಗಬೇಕು. ಅಷ್ಟು ಬೇಗ ಆಗುವುದಿಲ್ಲ ಎಂಬುದು 1970ರ ದಶಕದ ಹೀಲಿಯೋಸ್ ನೌಕೆಗಳ ಕಾಲದಿಂದಲೂ ಗೊತ್ತು. ದಾರಿಯುದ್ದಕ್ಕೂ ಯಾರೋ ಒಲೆ ಉರಿಸುತ್ತಿದ್ದಾರೆ. ಅನುಮಾನ ಅಲೆಗಳ ಮೇಲೆ. ಪ್ರೋಟಾನು ಕಾಂತರೇಖೆಯನ್ನು ಸುತ್ತುತ್ತಲೇ ಇರುತ್ತದೆ: 100 ನ್ಯಾನೊಟೆಸ್ಲಾ ಕ್ಷೇತ್ರದಲ್ಲಿ ಸೆಕೆಂಡಿಗೆ ಒಂದೂವರೆ ಸುತ್ತು, ಭೂಮಿಯ ಬಳಿಯ 5 ನ್ಯಾನೊಟೆಸ್ಲಾದಲ್ಲಿ ಒಂದು ಸುತ್ತಿಗೆ 13 ಸೆಕೆಂಡು. ಅಲೆಯ ವಿದ್ಯುತ್ ಕ್ಷೇತ್ರವೂ ಅದೇ ದಿಕ್ಕಿಗೆ, ಅದೇ ಲಯದಲ್ಲಿ ತಿರುಗಿ ತಾಳ ಕೂಡಿತೋ, ಸುತ್ತುಸುತ್ತಿಗೂ ಕಣಕ್ಕೆ ಒಂದು ನೂಕು. ಕಣ ಕಾಂತರೇಖೆಗೆ ಅಡ್ಡಲಾಗಿ ಬಿಸಿಯಾಗುತ್ತದೆ. ಹೊರಹೊರಗೆ ಕ್ಷೇತ್ರ ದುರ್ಬಲವಾದಂತೆ ಆ ಅಡ್ಡ ಚಲನೆಯ ಶಕ್ತಿಯೇ ಮುಂದೋಟವಾಗುತ್ತದೆ.

ಪ್ರೋಟಾನಿನ ಸುತ್ತು ಎಡಮುರಿ. (ಈ ಹೆಸರು ನಮಗೆ ಶಂಖದಿಂದ ಬಂದದ್ದು, ಪಠ್ಯಪುಸ್ತಕದ 'ವಾಮಾವರ್ತ ಧ್ರುವೀಕರಣ'ಕ್ಕಿಂತ ವಾಸಿ.) ಹಾಗಾದರೆ ಅಲೆಯೂ ಎಡಮುರಿಯಾಗಿಯೇ ಕಾಣಬೇಕು ಎಂದುಕೊಂಡು, ಬಲಮುರಿ ಕಂಡದ್ದನ್ನೆಲ್ಲ ತಳ್ಳಿಹಾಕುವ ಒಂದು ಸಾಲನ್ನು ಪ್ರೋಗ್ರಾಮಿನಲ್ಲಿ ಬರೆದಿದ್ದೆ.

"ಇವನ್ನೇಕೆ ಬಿಸಾಡಿದಿರಿ?" ಎಂದು ಕೇಳಿದರು ನನ್ನ ಕೆಲಸ ನೋಡಿಕೊಳ್ಳುವ ಮೇಡಂ.

"ಬಲಮುರಿ, ಮೇಡಂ. ಪ್ರೋಟಾನಿಗೆ ತಾಳೆಯಾಗುವುದಿಲ್ಲ."

"ಯಾರ ಕಣ್ಣಿಗೆ ಬಲಮುರಿ?"

ನನ್ನ ನೋಟ್‌ಬುಕ್ಕಿನ ಸುರುಳಿ ತಂತಿಯ ಮೇಲೆ ಪೆನ್ನಿನ ಮೊನೆಯಿಟ್ಟು, ಜಾಡು ಹಿಡಿದು ಮೇಲಿನಿಂದ ಕೆಳಕ್ಕೆ ಎಳೆದರು. ಮೊನೆ ಒಂದು ದಿಕ್ಕಿಗೆ ಸುತ್ತಿತು. ಕೆಳಗಿನಿಂದ ಮೇಲಕ್ಕೆ ಎಳೆದರು. ಸುತ್ತು ತಿರುಗುಮುರುಗು. ತಂತಿ ಮಾತ್ರ ಅದೇ.

ಅಂದು ಮಾರುತದ ವೇಗ ಸೆಕೆಂಡಿಗೆ ಸುಮಾರು 350 ಕಿ.ಮೀ.; ಅಲೆಯದು ಅದಕ್ಕಿಂತ ಬಹಳ ಕಡಿಮೆ. ಸೂರ್ಯನತ್ತ ಹೊರಟ ಅಲೆ, ತುಂಬಿದ ಹೊಳೆಗೆ ಎದುರೀಜುವ ಮೀನಿನಂತೆ, ಹಿಂದಕ್ಕೇ ಕೊಚ್ಚಿಹೋಗುತ್ತದೆ. ನೌಕೆಯ ಮುಂದೆ ಸುರುಳಿ ಹಿಂದುಮುಂದಾಗಿ ಹಾಯುವುದರಿಂದ ಎಡಮುರಿ ಬಲಮುರಿಯಾಗಿ ದಾಖಲಾಗುತ್ತದೆ. ಚಲನೆಗೆ ತಕ್ಕಂತೆ ಅಲೆಯ ಲಯ ಬದಲಾಗಿ ಕಾಣುವ ಈ ಡಾಪ್ಲರ್ ಪಲ್ಲಟವನ್ನು ಪದವಿಯಲ್ಲಿ ಓದಿ, ಪರೀಕ್ಷೆ ಬರೆದು, ಅಂಕವನ್ನೂ ಪಡೆದಿದ್ದೆ. ಕೆಲಸದ ಮೇಜಿನ ಮೇಲೆ ಮಾತ್ರ ನೆನಪಾಗಲಿಲ್ಲ.

ಸಂಜೆಯೊಳಗೆ ಎರಡನೆಯ ತಪ್ಪು ಮಾಡಿದೆ. ಬಿಸಾಡಿದ್ದನ್ನೆಲ್ಲ ಸೈಕ್ಲೋಟ್ರಾನ್ ಅಲೆಗಳ ಪಟ್ಟಿಗೆ ಸೇರಿಸಿ ಕಳುಹಿಸಿಬಿಟ್ಟೆ. ಹೊರಮುಖವಾಗಿ ಸಾಗುವ ನಿಜವಾದ ಬಲಮುರಿ ಅಲೆಗಳೂ ಇವೆ. ಒಂದೇ ನೌಕೆಯ ಕಾಂತಮಾಪಕದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಅವನ್ನು ಬೇರ್ಪಡಿಸಲು ವಿದ್ಯುತ್ ಕ್ಷೇತ್ರದ ಅಳತೆಯೂ ಬೇಕು. ಪಟ್ಟಿ ಮರುದಿನವೇ ವಾಪಸು ಬಂತು, ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ.

ಈಗ ನನ್ನ ಪಟ್ಟಿಯಲ್ಲಿ 'ನೌಕೆಗೆ ಕಂಡಂತೆ' ಎಂದೊಂದು ಅಂಕಣ, 'ಮಾರುತದ ಜೊತೆ ಸಾಗಿ ನೋಡಿದರೆ' ಎಂದು ಇನ್ನೊಂದು. ಎರಡನೆಯದರಲ್ಲಿ ಅರ್ಧದಷ್ಟು ಮನೆಗಳು ಇನ್ನೂ ಖಾಲಿ.